ಗುಲಾಮರ ಹಡಗಿನ ಕಪ್ತಾನ ಬಾಯಿ ಬಿಟ್ಟಿದ್ದು ಯಾವಾಗ?



ನ್ಯೂಟನ್ ಅಂದ ಕೂಡಲೇ ಸೇಬು ಬಿದ್ದಿದ್ದು ನೋಡಿದ ವಿಜ್ಞಾನಿ ಅಂದ್ಕೋಬೇಡಿ. ಅವರು ಐಸಾಕ್ ನ್ಯೂಟನ್. ಇವನು ಜಾನ್ ನ್ಯೂಟನ್, 1725ರಲ್ಲಿ ಲಂಡನ್ನಿನಲ್ಲಿ ಹುಟ್ಟಿದವನು. ಆಫ್ರಿಕಾದ ಜನರನ್ನು ಹಡಗಿಗೆ ತುಂಬಿ ಮಾರುವುದು ಇವನ ಕಸುಬಾಗಿತ್ತು.

ಆಗ ಇಂಗ್ಲೆಂಡಿನ ಹಡಗುಗಳು ಬಟ್ಟೆ, ಬಂದೂಕು, ಹೆಂಡ ತಗೊಂಡು ಆಫ್ರಿಕಾಕ್ಕೆ ಹೋಗಿ, ಅದಕ್ಕೆ ಬದಲಾಗಿ ಮನುಷ್ಯರನ್ನು ಕೊಳ್ಳುತ್ತಿದ್ದವು. ಅವರನ್ನು ಅಟ್ಲಾಂಟಿಕ್ ಸಾಗರದ ಆಚೆ ಕಬ್ಬಿನ ತೋಟಗಳಿಗೆ ಮಾರುತ್ತಿದ್ದರು.

1748ರ ಮಾರ್ಚ್ ತಿಂಗಳಲ್ಲಿ ನ್ಯೂಟನ್ ಊರಿಗೆ ವಾಪಸು ಬರುವಾಗ ದೊಡ್ಡ ಬಿರುಗಾಳಿಗೆ ಹಡಗು ಮುಳುಗುವ ಹಾಗಾಯ್ತು. ಆಗ ದೇವರನ್ನು ನೆನೆದ, ಅವತ್ತಿನಿಂದಲೇ ಒಳ್ಳೆಯವನಾದ ಅಂತ ಕಥೆ ಹೇಳ್ತಾರೆ. ಇದು ಪೂರ್ತಿ ನಿಜ ಅಲ್ಲ. ಬೈಗುಳ ಬಿಟ್ಟನಂತೆ, ಕಸುಬು ಬಿಡಲಿಲ್ಲ! 1750ರಿಂದ 1754ರ ಒಳಗೆ ಮೂರು ಸಲ ಗುಲಾಮರ ಹಡಗಿಗೆ ತಾನೇ ಕಪ್ತಾನನಾಗಿ ಹೋದ. ಮೇಲೆ ಪ್ರಾರ್ಥನೆ, ಕೆಳಗೆ ಸರಪಳಿ ಹಾಕಿದ ಜನ. ದಾರಿಯಲ್ಲಿ ಸತ್ತವರನ್ನು ತನ್ನ ದಿನಚರಿಯಲ್ಲಿ ನಂಬರಿನಿಂದ ಬರೆದಿದ್ದಾನೆ. ನಮ್ಮ ಹಾಜರಿ ಪುಸ್ತಕದಲ್ಲೂ ನಂಬರು ಇದೆ, ಆದರೆ ಪಕ್ಕದಲ್ಲಿ ಹೆಸರು ಇರುತ್ತಲ್ಲ. ಒಮ್ಮೆ ದಂಗೆಯ ಅನುಮಾನ ಬಂದು, ಹುಡುಗರ ಹೆಬ್ಬೆರಳನ್ನು ಕಬ್ಬಿಣದ ತಿರುಪಿನಲ್ಲಿ ಹಿಸುಕಿಸಿ ಬಾಯಿ ಬಿಡಿಸಿದ.

1754ರಲ್ಲಿ ಕಾಯಿಲೆ ಬಿದ್ದು ಸಮುದ್ರ ಬಿಟ್ಟ. 1764ರಲ್ಲಿ ಪಾದ್ರಿಯಾದ. ಹೆಸರುವಾಸಿ ಭಕ್ತಿಗೀತೆ ಬರೆದ. ಆದರೂ ಗುಲಾಮರ ವಿಷಯ ಎತ್ತಲಿಲ್ಲ.

1788ರಲ್ಲಿ, ಅಂದರೆ ಕಸುಬು ಬಿಟ್ಟ 34 ವರ್ಷಕ್ಕೆ, ಆಫ್ರಿಕಾದ ಗುಲಾಮರ ವ್ಯಾಪಾರದ ಬಗ್ಗೆ ಒಂದು ಚಿಕ್ಕ ಪುಸ್ತಕ ಬರೆದು ತನ್ನ ತಪ್ಪು ಒಪ್ಪಿಕೊಂಡ. ಆಮೇಲೆ ಪಾರ್ಲಿಮೆಂಟಿನ ವಿಚಾರಣೆಯಲ್ಲಿ ಸಾಕ್ಷಿಯನ್ನೂ ಹೇಳಿದ. ವ್ಯಾಪಾರಿಗಳು ಬೇರೆಯವರಿಗೆ 'ನಿಮಗೇನು ಗೊತ್ತು' ಅನ್ನಬಹುದಿತ್ತು. ಇವನಿಗೆ ಹಾಗೆ ಅನ್ನೋಕೆ ಆಗ್ತಿರಲಿಲ್ಲ, ಯಾಕಂದ್ರೆ ಹಡಗು ನಡೆಸಿದವನೇ ಇವನು. ಪಾರ್ಲಿಮೆಂಟಿನಲ್ಲಿ ಹೋರಾಡಿದ ವಿಲಿಯಂ ವಿಲ್ಬರ್‌ಫೋರ್ಸ್ ಎಂಬುವರಿಗೂ ರಾಜಕೀಯ ಬಿಡಬೇಡ ಅಂತ ಬುದ್ಧಿ ಹೇಳಿದ್ದು ಇವನೇ. 1807ರ ಮಾರ್ಚ್‌ನಲ್ಲಿ ಗುಲಾಮರ ವ್ಯಾಪಾರ ನಿಷೇಧದ ಕಾನೂನಾಯ್ತು. ಅದೇ ಡಿಸೆಂಬರಿನಲ್ಲಿ ನ್ಯೂಟನ್ ತೀರಿಕೊಂಡ.

ನಮ್ಮ ದೇಶದಲ್ಲಿ ಜೀತ ರದ್ದು ಮಾಡುವ ಕಾಯ್ದೆ ಬಂದಿದ್ದು 1976ರಲ್ಲಿ. ಅದಕ್ಕೆ ಮುಂಚೆ, ಮುತ್ತಾತ ಮಾಡಿದ ಸಾಲಕ್ಕೆ ನಮ್ಮ ತಾತ ಹುಡುಗರಾಗಿದ್ದಾಗ ಒಬ್ಬ ಸಾಹುಕಾರರ ಮನೆಯಲ್ಲಿ ದನ ಕಾಯ್ತಾ ಜೀತಕ್ಕಿದ್ದರು. ಈ ಲೇಖನವನ್ನು ಅವರಿಗೆ ಓದಿ ಹೇಳಿದೆ. "ಅಷ್ಟು ವರ್ಷ ಬಾಯಲ್ಲಿ ಏನಿಟ್ಕೊಂಡಿದ್ದ?" ಅಂತ ಕೇಳಿದ್ರು. ಸ್ವಲ್ಪ ಹೊತ್ತು ಬಿಟ್ಟು, "ನನ್ನ ದುಡಿಸ್ಕೊಂಡವ್ರು ಸಾಯೋಗಂಟ ತಪ್ಪಾಯ್ತು ಅನ್ಲಿಲ್ಲ ಕಣಪ್ಪ. ಇವ್ನು ಅಂದ್ನಲ್ಲ" ಅಂದ್ರು.

– 7ನೇ ತರಗತಿ ವಿದ್ಯಾರ್ಥಿ, ಕೆ. ಹೊಸಕೋಟೆ