ಮೈನೆರೆಯುವ ಕಾಲ ಮತ್ತು ಬಾಲೆಯ ಮನಸ್ಸು

ಹೆಣ್ಣುಮಗಳು ಪ್ರಾಯಕ್ಕೆ ಬರುವುದನ್ನು ಕನ್ನಡವು ‘ಮೈನೆರೆಯುವುದು’ ಎನ್ನುತ್ತದೆ. ‘ನೆರೆ’ ಎಂಬ ಧಾತುವಿಗೆ ತುಂಬು, ಪೂರ್ಣವಾಗು ಎಂಬ ಅರ್ಥಗಳುಂಟು. ಸಂಸ್ಕೃತದ ‘ಋತು’ ಎಂಬುದೂ ತಕ್ಕ ಕಾಲವನ್ನೇ ಸೂಚಿಸುವ ಶಬ್ದ. ಇಂಥ ಮಂಗಳಕರ ಪದಗಳುಳ್ಳ ಭಾಷೆಯಲ್ಲಿಯೇ ‘ಹೊರಗಾಗುವುದು’ ಎಂಬ ಮಾತೂ ಇದೆ. ಎಳೆಯ ಬಾಲೆಯ ಕಿವಿಗೆ ಮೊದಲು ಬೀಳುವುದು ಬಹುಮಟ್ಟಿಗೆ ಈ ಕಡೆಯ ಮಾತೇ.

ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಪ್ರಚೋದನೆಯಿಂದ ಅಂಡಾಶಯಗಳು ಈಸ್ಟ್ರೋಜೆನ್ ಎಂಬ ರಸವನ್ನು ಸ್ರವಿಸತೊಡಗುತ್ತವೆ. ಸಾಮಾನ್ಯವಾಗಿ 8ರಿಂದ 13ನೆಯ ವಯಸ್ಸಿನೊಳಗೆ ದೇಹದ ಬೆಳವಣಿಗೆ ಮೊದಲಾಗಿ, ಎರಡು ಮೂರು ವರ್ಷಗಳ ತರುವಾಯ ಪ್ರಥಮ ಋತುಸ್ರಾವವಾಗುತ್ತದೆ. ಈ ಅಂತರವೇ ಹಲವು ಚಿಂತೆಗಳಿಗೆ ಮೂಲ. ತರಗತಿಯಲ್ಲಿ ಎಲ್ಲರಿಗಿಂತ ಮುಂಚೆ ಬೆಳೆದವಳು ಬೆನ್ನು ಬಾಗಿಸಿ, ಪುಸ್ತಕದ ಚೀಲವನ್ನು ಎದೆಗವಚಿಕೊಂಡು ನಡೆಯುತ್ತಾಳೆ. ತಡವಾದವಳು ತನ್ನಲ್ಲೇನೋ ಊನವಿದೆಯೆಂದು ಕೊರಗುತ್ತಾಳೆ. ಕನ್ನಡಿಯಲ್ಲಿ ಕಂಡ ಒಂದು ಮೊಡವೆ ಇಡೀ ದಿನದ ಉತ್ಸಾಹವನ್ನು ಕಸಿಯಬಲ್ಲದು. ಮೊದಲ ಒಂದೆರಡು ವರ್ಷ ಋತುಚಕ್ರವು 21ರಿಂದ 45 ದಿನಗಳವರೆಗೆ ಏರುಪೇರಾಗುವುದು ಸಹಜವೆಂಬುದನ್ನು ಅವಳಿಗೆ ತಿಳಿಸುವವರಾರು? ಸ್ರಾವವು ಏಳು ದಿನ ಮೀರಿದರೆ, ಅಥವಾ 15 ತುಂಬಿದರೂ ಋತುವಾಗದಿದ್ದರೆ ವೈದ್ಯರಲ್ಲಿಗೆ ಕರೆದೊಯ್ಯಬೇಕು.

ನಮ್ಮ ಉಡುಪಿ, ಕಾಪು, ಕಾರ್ಕಳಗಳ ಸೀಮೆಯಲ್ಲಿ ಫೆಬ್ರವರಿಯ ಹೊತ್ತಿಗೆ ಕೆಡ್ಡಸ ಬರುತ್ತದೆ. ಭೂಮಿತಾಯಿ ಋತುವಾದಳೆಂಬ ಭಾವನೆಯಿಂದ ಮೂರು ದಿನ ನೆಲವನ್ನು ಉಳುವುದಿಲ್ಲ, ಅಗೆಯುವುದಿಲ್ಲ. ಕಡೆಗೆ ಅವಳಿಗೆ ಎಣ್ಣೆಯೆರೆದು ಸತ್ಕರಿಸುತ್ತಾರೆ. ಅದು ವಿಶ್ರಾಂತಿ, ತಿರಸ್ಕಾರವಲ್ಲ. ಹನ್ನೆರಡನೆಯ ಶತಮಾನದ ಶರಣರಾದರೋ ಪಂಚಸೂತಕಗಳನ್ನು ನಿರಾಕರಿಸುವಾಗ ರಜಸ್ಸೂತಕವನ್ನೂ ಕೂಡಿಯೇ ನಿರಾಕರಿಸಿದರು. ಆದಾಗ್ಯೂ ಎಷ್ಟೋ ಮನೆಗಳಲ್ಲಿ ನೆಲಕ್ಕೆ ಸಲ್ಲುವ ಗೌರವ ಮಗಳಿಗೆ ಸಲ್ಲದಿರುವುದು ಸೋಜಿಗ.

ಕರಾವಳಿಯ ಮಳೆಗಾಲ ಬೇರೆಯೇ ಒಂದು ಕಷ್ಟ. ಜೂನ್‌ನಿಂದ ನಾಲ್ಕು ತಿಂಗಳು ಬಿಸಿಲೇ ಅಪರೂಪ. ನಾಚಿಕೆಯಿಂದ ಮೂಲೆಯಲ್ಲಿ ಮರೆಮಾಡಿ ಹರವಿದ ಬಟ್ಟೆ ಒಣಗದೆ ತೇವವಾಗಿಯೇ ಉಳಿದು, ತುರಿಕೆಗೂ ಸೋಂಕಿಗೂ ಎಡೆಮಾಡುತ್ತದೆ. ಒಣಗಲು ಒಲೆಯ ಸಮೀಪ ಬಿಚ್ಚಿಹರವುವುದಕ್ಕೆ ಸಂಕೋಚಪಡಬೇಕಾದುದಿಲ್ಲ. ಶಾಲಾಬಾಲಿಕೆಯರಿಗೆ ನ್ಯಾಪ್‌ಕಿನ್ ಒದಗಿಸುವ ‘ಶುಚಿ’ ಯೋಜನೆಯನ್ನು ರಾಜ್ಯ ಸರಕಾರವು 2013-14ರಲ್ಲಿ ಆರಂಭಿಸಿತು. ಒಳ್ಳೆಯದೇ, ಆದರೆ ಅದನ್ನು ಬದಲಿಸಲು ಸ್ಥಳವೂ ಬೇಕಲ್ಲ! ಶೌಚಾಲಯದ ಬಾಗಿಲಿಗೆ ಚಿಲಕವಿಲ್ಲದ ಕಾರಣಕ್ಕೆ ಬೆಳಗಿನಿಂದ ಸಂಜೆಯವರೆಗೆ ಗುಟುಕು ನೀರನ್ನೂ ಕುಡಿಯದೆ ಕುಳಿತುಕೊಳ್ಳುವ ಬಾಲೆಯು ಪಾಠದ ಪ್ರಶ್ನೆಗೆ ಎದ್ದುನಿಂತು ಉತ್ತರಿಸಲು ಏಕೆ ಹಿಂಜರಿಯುತ್ತಾಳೆಂಬುದನ್ನು ನಾವು ವಿಚಾರಿಸುವುದೇ ಇಲ್ಲ.