ಫೋಟೋದಲ್ಲಿ ಬೆಳ್ಳಗೆ ಹೊಳೆಯುವ ಪಾಪೆ

ಹುಟ್ಟುಹಬ್ಬದ ದಿನ ಫ್ಲಾಷ್ ಹಾಕಿ ತೆಗೆದ ಫೋಟೋದಲ್ಲಿ ನಿಮ್ಮ ಮಗುವಿನ ಒಂದು ಕಣ್ಣಿನ ಪಾಪೆ ಕೆಂಪಗೆ, ಇನ್ನೊಂದು ಬೆಕ್ಕಿನ ಕಣ್ಣಿನಂತೆ ಬೆಳ್ಳಗೆ ಕಾಣುತ್ತಿದೆಯೇ? ಬೆಳಕು ಓರೆಯಾಗಿ ಬಿದ್ದರೂ ಹೀಗಾಗುವುದುಂಟು, ಪೊರೆ ಬಂದಿದ್ದರೂ ಆಗಬಹುದು. ಆದರೆ ಕೆಲವು ಮಕ್ಕಳಲ್ಲಿ ಇದು ರೆಟಿನೋಬ್ಲಾಸ್ಟೋಮಾ, ಅಂದರೆ ಅಕ್ಷಿಪಟಲದ ಕ್ಯಾನ್ಸರಿನ ಮೊದಲ ಸುಳಿವು. ಐದು ವರ್ಷದೊಳಗಿನ ಮಕ್ಕಳಲ್ಲೇ ಇದು ಹೆಚ್ಚು. ಮೆಳ್ಳೆಗಣ್ಣು ಅದೃಷ್ಟವೆಂದು ಸುಮ್ಮನಿರುವವರೂ ಇದ್ದಾರೆ. ಅದೂ ಈ ರೋಗದ ಚಿಹ್ನೆಯಾಗಿರಬಹುದು.

ಈ ಅಪರೂಪದ ರೋಗವೇ ವಿಜ್ಞಾನಿಗಳಿಗೆ ನಮ್ಮೆಲ್ಲರ ಜೀವಕೋಶಗಳ ಒಂದು ಗುಟ್ಟನ್ನು ತಿಳಿಸಿಕೊಟ್ಟಿತು. ಕೋಶವೊಂದು ಎರಡಾಗಬೇಕಾದರೆ ಮೊದಲು ತನ್ನ ಡಿಎನ್‌ಎಯ ನಕಲು ಮಾಡಿಕೊಳ್ಳಬೇಕು. ಅದಕ್ಕೆ ಬೇಕಾದ ವಂಶವಾಹಿಗಳನ್ನು ಎಬ್ಬಿಸಿ ಕೆಲಸಕ್ಕೆ ಹಚ್ಚುವುದು ಇ2ಎಫ್ ಎಂಬ ಪ್ರೊಟೀನು. ವಿಭಜನೆ ಬೇಡವಾದ ಹೊತ್ತಿನಲ್ಲಿ ಆರ್‌ಬಿ ಎಂಬ ಇನ್ನೊಂದು ಪ್ರೊಟೀನು ಅದನ್ನು ಬಿಗಿಯಾಗಿ ಹಿಡಿದಿರುತ್ತದೆ.

ಗಾಯ ಮಾಯಬೇಕು ಎಂದಿಟ್ಟುಕೊಳ್ಳಿ. ಬೆಳೆಯುವಂತೆ ಸೂಚನೆ ಬಂದ ಕೋಶದಲ್ಲಿ ಸೈಕ್ಲಿನ್ ಡಿ ಹೆಚ್ಚುತ್ತದೆ. ಅದರ ಜೊತೆಗೂಡಿದ ಸಿಡಿಕೆ4, ಸಿಡಿಕೆ6 ಎಂಬ ಕಿಣ್ವಗಳು ಆರ್‌ಬಿಗೆ ಫಾಸ್ಫೇಟನ್ನು ಅಂಟಿಸುತ್ತವೆ. (ಹೌದು, ಗೊಬ್ಬರದ ಚೀಲದ ಮೇಲೆ ನೀವು ಓದುವ ಫಾಸ್ಫೇಟೇ!) ಬಳಿಕ ಸಿಡಿಕೆ2 ಇನ್ನಷ್ಟು ಅಂಟಿಸುತ್ತದೆ. ಆಗ ಆರ್‌ಬಿಯ ಆಕಾರ ಬದಲಾಗಿ ಹಿಡಿತ ಸಡಿಲುತ್ತದೆ, ಇ2ಎಫ್ ಬಿಡುಗಡೆಯಾಗುತ್ತದೆ. ವಿಭಜನೆ ಮುಗಿದಾಗ ಬೇರೆ ಕಿಣ್ವಗಳು ಫಾಸ್ಫೇಟನ್ನು ಕಿತ್ತು ತೆಗೆಯುತ್ತವೆ. ಹಿಡಿತ ಮತ್ತೆ ಬಿಗಿಯಾಗುತ್ತದೆ.

ಆರ್‌ಬಿ ವಂಶವಾಹಿಯ ಪ್ರತಿಗಳು ನಮ್ಮಲ್ಲಿ ಎರಡು. ಎರಡೂ ಕೆಟ್ಟಾಗ ಈ ಕ್ಯಾನ್ಸರ್ ಹುಟ್ಟುತ್ತದೆಂದು ಅಮೆರಿಕದ ಆಲ್ಫ್ರೆಡ್ ನಡ್ಸನ್ 1971ರಲ್ಲಿ ಲೆಕ್ಕಾಚಾರದಿಂದಲೇ ಊಹಿಸಿದರು. ವಂಶವಾಹಿ ಕೈಗೆ ಸಿಕ್ಕಿದ್ದು 1986ರಲ್ಲಿ. ಒಂದು ಪ್ರತಿ ಹುಟ್ಟಿನಿಂದಲೇ ಕೆಟ್ಟಿದ್ದರೆ ರೋಗ ಎರಡೂ ಕಣ್ಣಿಗೆ ಬರುವ ಸಂಭವ ಹೆಚ್ಚು.

ಇದೇ ತಿಳಿವಳಿಕೆಯಿಂದ ಸಿಡಿಕೆ4 ಮತ್ತು 6ನ್ನು ತಡೆಯುವ ಪಾಲ್ಬೊಸಿಕ್ಲಿಬ್ ಮಾತ್ರೆ ಬಂದಿದೆ. ಕೆಲವು ಬಗೆಯ ಸ್ತನ ಕ್ಯಾನ್ಸರಿಗೆ ಅಮೆರಿಕದಲ್ಲಿ 2015ರಲ್ಲಿ ಅದಕ್ಕೆ ಒಪ್ಪಿಗೆ ದೊರೆಯಿತು. ಸೇವಿಸುವವರಲ್ಲಿ ಬಿಳಿ ರಕ್ತಕಣಗಳು ಇಳಿಯುವುದರಿಂದ ಆಗಾಗ ರಕ್ತ ಪರೀಕ್ಷೆ ಬೇಕು. ವಿಪರ್ಯಾಸವೆಂದರೆ, ಈ ಗುಟ್ಟನ್ನು ಬಿಚ್ಚಿಟ್ಟ ಮಕ್ಕಳ ಕಣ್ಣಿನ ಕ್ಯಾನ್ಸರಿಗೆ ಈ ಮಾತ್ರೆ ನಾಟುವುದಿಲ್ಲ. ಬಿಗಿಹಿಡಿಯಬೇಕಾದ ಆರ್‌ಬಿಯೇ ಅಲ್ಲಿಲ್ಲವಲ್ಲ!

ಅಲ್ಲಿ ಮುಖ್ಯವಾದದ್ದು ಸಮಯ. ಬಿಳಿ ಪಾಪೆ ಮತ್ತೆ ಮತ್ತೆ ಕಂಡರೆ ನೋವಿಲ್ಲವೆಂದು ಕಾಯದೆ ಅದೇ ವಾರ ನೇತ್ರತಜ್ಞರಲ್ಲಿಗೆ ಹೋಗಿ, ಫೋಟೋವನ್ನೂ ಒಯ್ಯಿರಿ. ಹನಿ ಹಾಕಿ ಪಾಪೆ ಹಿಗ್ಗಿಸಿ ನೋಡುತ್ತಾರೆ. ಬೇಗ ತಿಳಿದರೆ ಲೇಸರ್, ಶೀತ ಚಿಕಿತ್ಸೆ, ಔಷಧಗಳಿಂದ ಜೀವವನ್ನೂ ಎಷ್ಟೋ ಸಲ ಕಣ್ಣನ್ನೂ ಉಳಿಸಬಹುದು. ತಡವಾದರೆ ರೋಗ ನೇತ್ರನರದ ಮೂಲಕ ಮಿದುಳಿಗೆ ಹರಡಬಲ್ಲದು. ಒಂದು ಮಗುವಿಗೆ ಈ ರೋಗವೆಂದು ಗೊತ್ತಾದರೆ ಅದರ ಒಡಹುಟ್ಟಿದವರ ಕಣ್ಣುಗಳನ್ನೂ ತೋರಿಸಿ.