ಹೆಸರು ನೋಡಿ ಕೊಳ್ಳುವ ವಸ್ತುವಲ್ಲ ಬ್ಯಾರಿಟೋನ್ ಸ್ಯಾಕ್ಸೊಫೋನಿನ ಮೌತ್‌ಪೀಸ್

ಕಾಸರಗೋಡಿನಿಂದ ಉಡುಪಿಯವರೆಗಿನ ನಾಡಿನಲ್ಲಿ ಸ್ಯಾಕ್ಸೊಫೋನು ಪರದೇಶದ ವಾದ್ಯವೆಂದು ಇಂದು ಯಾರಿಗೂ ಅನ್ನಿಸುವುದಿಲ್ಲ. ದೇವಸ್ಥಾನದ ಉತ್ಸವಕ್ಕೂ ಮದುವೆಯ ದಿಬ್ಬಣಕ್ಕೂ ಅದು ಬೇಕು. ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕೇಳಿದ ಆ ದನಿಯನ್ನು ಕರ್ನಾಟಕ ಸಂಗೀತದ ಗಮಕಗಳಿಗೆ ಒಗ್ಗಿಸಿ, 1994ರಲ್ಲಿ ಲಂಡನ್ನಿನ ಬಿ.ಬಿ.ಸಿ. ಪ್ರಾಮ್ಸ್ ಸಂಗೀತೋತ್ಸವದವರೆಗೆ ಕೊಂಡೊಯ್ದರು. ಅವರ ವಾದ್ಯ ಆಲ್ಟೊ. ಈ ಸೀಮೆಯ ವಾದಕರಲ್ಲಿ ಬಹುತೇಕರ ಕೈಯಲ್ಲಿರುವುದೂ ಅದೇ. ಅದೇ ಕುಟುಂಬದ ಹಿರಿಯಣ್ಣನಂತಿರುವ ಬ್ಯಾರಿಟೋನ್ ಇಲ್ಲಿ ಅಪರೂಪ. ಆದರೆ ಆಲ್ಟೊ ಬಲ್ಲವನಿಗೆ ಅದು ಅಪರಿಚಿತವಲ್ಲ. ಎರಡೂ ಇ-ಫ್ಲ್ಯಾಟ್ ವಾದ್ಯಗಳು, ಬೆರಳೋಟ ಒಂದೇ, ಬ್ಯಾರಿಟೋನು ಒಂದು ಸ್ಥಾಯಿ ಕೆಳಗೆ ನುಡಿಯುತ್ತದೆ ಅಷ್ಟೆ. ಹೀಗಾಗಿ ಐದಾರು ಕಿಲೋ ತೂಗುವ ಆ ವಾದ್ಯವನ್ನು ಕೊರಳಿಗೆ ಹಾಕಿಕೊಂಡ ಆಲ್ಟೊ ವಾದಕನ ಬೆರಳುಗಳು ಮೊದಲ ದಿನವೇ ಸಿದ್ಧವಾಗಿರುತ್ತವೆ. ಸಿದ್ಧವಿಲ್ಲದಿರುವುದು ಅವನ ತುಟಿ ಮತ್ತು ಉಸಿರು. ಆ ಎರಡನ್ನೂ ವಾದ್ಯಕ್ಕೆ ಕೂಡಿಸುವ ಮೌತ್‌ಪೀಸನ್ನು ಆಲ್ಟೊದ ಅನುಭವದಿಂದಲೇ ಆರಿಸಲು ಹೊರಟಾಗ ತೊಡಕು ಆರಂಭವಾಗುತ್ತದೆ.

ಮೌತ್‌ಪೀಸು ನೋಡಲು ಸಣ್ಣ ವಸ್ತು. ಅದರ ಕೆಳಮುಖದ ಸಮತಟ್ಟಾದ ಭಾಗದ ಮೇಲೆ ರೀಡನ್ನು ಇರಿಸಿ ಲಿಗೇಚರಿನಿಂದ ಬಿಗಿಯುತ್ತಾರೆ. ಮುಂದಕ್ಕೆ ಹೋದಂತೆ ಆ ತಟ್ಟು ರೀಡಿನಿಂದ ಮೆಲ್ಲನೆ ಬಾಗಿ ದೂರ ಸರಿಯುತ್ತದೆ. ಆ ಬಾಗನ್ನು ಫೇಸಿಂಗ್ ಎನ್ನುತ್ತಾರೆ. ತುದಿಯಲ್ಲಿ ರೀಡಿಗೂ ಮೌತ್‌ಪೀಸಿಗೂ ನಡುವೆ ಉಳಿಯುವ ಬಿಡುವು ಟಿಪ್ ಓಪನಿಂಗ್. ಒಳಗೆ, ರೀಡಿಗೆ ಎದುರಾಗಿರುವ ಇಳಿಜಾರು ಬ್ಯಾಫಲ್. ಅದರ ಹಿಂದಿನ ಪೊಳ್ಳು ಚೇಂಬರ್. ಕೊಳ್ಳುವವರು ಹೆಚ್ಚಾಗಿ ಕೇಳುವುದು ಟಿಪ್ ಓಪನಿಂಗ್ ಎಷ್ಟು ಎಂದು. ಮೊದಲು ಕೇಳಬೇಕಾದದ್ದು ಚೇಂಬರಿನ ವಿಷಯವನ್ನು.

ಕಾರಣ ರೇಖಾಗಣಿತದ್ದು. ಸ್ಯಾಕ್ಸೊಫೋನಿನ ಒಡಲು ಒಂದು ಶಂಕು. ಪೂರ್ಣ ಶಂಕುವಾದರೆ ಅದು ಒಂದು ಬಿಂದುವಿನಲ್ಲಿ ಮುಗಿಯಬೇಕು. ಬಿಂದುವಿಗೆ ಬಾಯಿಟ್ಟು ಊದಲಾಗದು. ಆದ್ದರಿಂದ ಶಂಕುವಿನ ಚೂಪು ತುದಿಯನ್ನು ಕತ್ತರಿಸಿ, ಆ ಸ್ಥಾನದಲ್ಲಿ ಮೌತ್‌ಪೀಸನ್ನು ಕೂರಿಸುತ್ತಾರೆ. ಕತ್ತರಿಸಿ ಹೋದ ತುದಿಯಲ್ಲಿ ಎಷ್ಟು ಗಾಳಿ ಹಿಡಿಯುತ್ತಿತ್ತೋ, ಮೌತ್‌ಪೀಸಿನ ಒಳಗಿನ ಪೊಳ್ಳು ಹೆಚ್ಚುಕಡಿಮೆ ಅಷ್ಟೇ ಗಾಳಿಗೆ ಸಮನಾಗಿ ವರ್ತಿಸಬೇಕು. ಹಾಗಾದರೆ ಮಾತ್ರ ಕೆಳಸ್ಥಾಯಿಯ ಸ್ವರವೂ ಮೇಲುಸ್ಥಾಯಿಯ ಅದೇ ಸ್ವರವೂ ಒಂದಕ್ಕೊಂದು ಕೂಡುತ್ತವೆ. ಪೊಳ್ಳು ಚಿಕ್ಕದಾದರೆ ವಾದಕ ಮೌತ್‌ಪೀಸನ್ನು ಹೊರಕ್ಕೆಳೆದು ಶ್ರುತಿ ಕೂಡಿಸಲು ನೋಡುತ್ತಾನೆ. ಒಂದು ಸ್ವರ ಕೂಡಿದಾಗ ಇನ್ನೊಂದು ತಪ್ಪುತ್ತದೆ. ಕೆಳಗಿನ ಬಿ, ಬಿ-ಫ್ಲ್ಯಾಟ್ ಸ್ವರಗಳು ಗುಳುಗುಳು ನಡುಗುವುದೂ ಇದರ ಒಂದು ಲಕ್ಷಣ. ವಿಶಾಲ ಚೇಂಬರಿನ ಮೌತ್‌ಪೀಸನ್ನು ಎಣಿಸಿ ಮಾಡಿದ ಹಳೆಯ ವಾದ್ಯಕ್ಕೆ ಇಂದಿನ ಇಕ್ಕಟ್ಟು ಚೇಂಬರಿನದನ್ನು ಸಿಕ್ಕಿಸಿದಲ್ಲಿ ಇಂಥ ತಕರಾರು ಹೆಚ್ಚು. ಆಗ ವಾದ್ಯವನ್ನು ರಿಪೇರಿಗೆ ಒಯ್ಯುತ್ತಾರೆ, ಪ್ಯಾಡುಗಳನ್ನು ಬದಲಿಸುತ್ತಾರೆ, ಕೊನೆಗೆ ವಾದಕನ ಕಿವಿಯನ್ನೇ ದೂರುತ್ತಾರೆ. ನಿರಪರಾಧಿಗಳಿಗೆ ಶಿಕ್ಷೆಯಾಗುವುದು ನ್ಯಾಯಾಲಯಗಳಲ್ಲಿ ಮಾತ್ರವೆಂದು ತಿಳಿಯಬಾರದು.

ಈ ವಾದ್ಯದ ಜನಕನಿಗೂ ನ್ಯಾಯಾಲಯದ ಸಹವಾಸ ಚೆನ್ನಾಗಿಯೇ ಇತ್ತು. ಬೆಲ್ಜಿಯಮ್ಮಿನ ದಿನಾನಿನಲ್ಲಿ 1814ರಲ್ಲಿ ಹುಟ್ಟಿದ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪ್ಯಾರಿಸಿನಲ್ಲಿ ಪೇಟೆಂಟ್ ಪಡೆದ. ಅದನ್ನು ರದ್ದುಪಡಿಸಬೇಕೆಂದು ಅಲ್ಲಿನ ಇತರ ವಾದ್ಯ ತಯಾರಕರು ವರ್ಷಾನುಗಟ್ಟಲೆ ದಾವೆ ಹೂಡಿದರು; ಸ್ಯಾಕ್ಸ್ ಮೂರು ಬಾರಿ ದಿವಾಳಿಯಾದ. ಆತನ ಕಾಲದ ಮೌತ್‌ಪೀಸಿನ ಒಳಗು ವಿಶಾಲವಾಗಿ, ದುಂಡಗೆ ಇತ್ತು. ನಾದ ಮೃದು, ಗಂಭೀರ. ಮುಂದೆ ನೃತ್ಯಮಂಡಳಿಗಳೂ ಜಾಝ್ ವಾದ್ಯವೃಂದಗಳೂ ಬಂದು, ತುತ್ತೂರಿಗಳ ಸಾಲಿನ ಎದುರು ಕೇಳಿಸಬೇಕಾದ ಅಗತ್ಯ ಬಿದ್ದಾಗ ಬ್ಯಾಫಲ್ ಮೇಲಕ್ಕೆದ್ದಿತು, ಚೇಂಬರು ಕಿರಿದಾಯಿತು. ಬ್ಯಾಫಲ್ ಎತ್ತರವಾದಷ್ಟೂ ನಾದಕ್ಕೆ ಹರಿತ ಬರುತ್ತದೆ. ತಗ್ಗಿದಷ್ಟೂ ಅದು ದುಂಡಗಾಗುತ್ತದೆ.

ಇವೆರಡರ ನಡುವೆ ಎಲ್ಲಿ ನಿಲ್ಲಬೇಕೆಂಬುದನ್ನು ವಾದಕ ಕೂರುವ ಜಾಗವೇ ಹೇಳಬೇಕು. ಡ್ಯೂಕ್ ಎಲಿಂಗ್ಟನ್ ಅವರ ವೃಂದದಲ್ಲಿ ಹ್ಯಾರಿ ಕಾರ್ನಿ 1927ರಿಂದ 1974ರವರೆಗೆ ಬ್ಯಾರಿಟೋನ್ ನುಡಿಸಿದರು. ಆ ವೃಂದ 1963ರಲ್ಲಿ ಭಾರತಕ್ಕೂ ಬಂದಿತ್ತು. ಇಡೀ ಸಾಲಿನ ಅಡಿಪಾಯವಾಗಿ, ಕಂಬದಂತೆ ತುಂಬಿ ನಿಲ್ಲುವ ನಾದ ಅವರದು. ಜೆರ್ರಿ ಮಲ್ಲಿಗನ್ 1952ರಲ್ಲಿ ಲಾಸ್ ಏಂಜಲೀಸಿನಲ್ಲಿ ಚೆಟ್ ಬೇಕರ್ ಅವರ ತುತ್ತೂರಿಯ ಜೊತೆ ಪಿಯಾನೊ ಇಲ್ಲದ ನಾಲ್ವರ ತಂಡ ಕಟ್ಟಿದರು. ಅಲ್ಲಿ ಬ್ಯಾರಿಟೋನು ಮೆಲುದನಿಯಲ್ಲಿ ಮಾತಾಡಬೇಕಿತ್ತು, ಮಾತಾಡಿತು. ಪೆಪ್ಪರ್ ಆ್ಯಡಮ್ಸ್ ಅವರ ದಾರಿ ಬೇರೆ. ಅವರ ನಾದದ ಅಲಗು ಎಷ್ಟು ಹರಿತವೆಂದರೆ ಸಂಗಾತಿಗಳು ಅವರನ್ನು ‘ಚೂರಿ’ ಎಂದೇ ಕರೆದರು. ಫ್ರಾನ್ಸಿನಲ್ಲಿ ಮಾರ್ಸೆಲ್ ಮ್ಯೂಲ್ 1928ರಲ್ಲಿ ಸ್ಥಾಪಿಸಿದ ಚತುಷ್ಟಯದ ಪರಂಪರೆಯಲ್ಲಿ ಬ್ಯಾರಿಟೋನು ಉಳಿದ ಮೂರು ಸ್ಯಾಕ್ಸೊಫೋನುಗಳಲ್ಲಿ ಕರಗಬೇಕು. ಗ್ಲಾಝುನೋವ್ ಆ ತಂಡದ ಕಲಾವಿದರಿಗಾಗಿ 1932ರಲ್ಲಿ ಬರೆದ ಕೃತಿಯಲ್ಲಿ ಹರಿತವಾದ ಬ್ಯಾರಿಟೋನು ಮದುವೆ ಮನೆಯಲ್ಲಿ ಜಗಳ ತೆಗೆದ ನೆಂಟನಂತೆ ಕೇಳಿಸೀತು. ನಾಲ್ಕು ಜಾಗ, ನಾಲ್ಕು ನ್ಯಾಯ. ಇವರಲ್ಲೊಬ್ಬರ ಧ್ವನಿಮುದ್ರಿಕೆ ಕೇಳಿ, ಅವರ ಮೌತ್‌ಪೀಸು ಯಾವುದೆಂದು ಹುಡುಕಿ, ಅದನ್ನೇ ತರಿಸಿಕೊಳ್ಳುವುದು ಗಾಯಕನೊಬ್ಬನ ಅಂಗಿ ಹೊಲಿಸಿಕೊಂಡಂತೆ. ಗಂಟಲು ಅಂಗಿಯ ಜೊತೆ ಬರುವುದಿಲ್ಲ.

ಇನ್ನು ಅಂಕಿಗಳು. ಬರ್ಗ್ ಲಾರ್ಸೆನ್ ಮೌತ್‌ಪೀಸಿನ ಮೇಲೆ 110 ಎಂದು ಕೆತ್ತಿದ್ದರೆ ಟಿಪ್ ಓಪನಿಂಗ್ ಅಂಗುಲದ ಸಾವಿರದಲ್ಲಿ 110 ಭಾಗ, ಅಂದರೆ ಸುಮಾರು 2.8 ಮಿಲಿಮೀಟರ್. ಅದರ ಪಕ್ಕದ 0ರಿಂದ 3ರವರೆಗಿನ ಅಂಕಿ ಒಳಗಿನ ಆಕಾರದ್ದು: 0 ಅತ್ಯಂತ ಹರಿತ, 3 ಅತ್ಯಂತ ಮೃದು. ಇದು ಪ್ರಾಮಾಣಿಕ ಕ್ರಮ. ಉಳಿದ ಹಲವರ 5, 6, 7, ನಕ್ಷತ್ರ, ಸಿ ಮೊದಲಾದ ಗುರುತುಗಳು ಆಯಾ ಕಾರ್ಖಾನೆಯ ಸ್ವಂತ ಲೆಕ್ಕ. ಒಬ್ಬರ 7 ಇನ್ನೊಬ್ಬರ 7 ಅಲ್ಲ. ಆಲ್ಟೊದಲ್ಲಿ 5 ಊದುತ್ತಿದ್ದವನು ಬ್ಯಾರಿಟೋನಿನಲ್ಲೂ 5 ಕೇಳಿದರೆ ಸಿಗುವುದು ಬೇರೆಯೇ ಅಳತೆ. ಅಂಗಡಿಯಲ್ಲಿ ಮಿಲಿಮೀಟರಿನ ಪಟ್ಟಿಯನ್ನು ಕೇಳಿ ಹೋಲಿಸುವುದೇ ಸರಿ.

ಬಿಡುವು ದೊಡ್ಡದಾದರೆ ನಾದ ದೊಡ್ಡದಾಗುತ್ತದೆಂಬ ನಂಬಿಕೆ ಅರ್ಧಸತ್ಯ. ದೊಡ್ಡ ಬಿಡುವು ಸ್ವರವನ್ನು ಬಾಗಿಸಲು ಹೆಚ್ಚು ಅವಕಾಶ ಕೊಡುತ್ತದೆ, ನಿಜ. ಹೆಚ್ಚು ಗಾಳಿಯನ್ನೂ ಹೆಚ್ಚು ಹಿಡಿತವನ್ನೂ ಕೇಳುತ್ತದೆ. ಬ್ಯಾರಿಟೋನು ಮೊದಲೇ ಉಸಿರಿನ ಸಾಲಗಾರ. ಲೋ-ಎ ಕೀಲಿಯಿರುವ ವಾದ್ಯದ ಅತ್ಯಂತ ಕೆಳಗಿನ ಸ್ವರ ಸೆಕೆಂಡಿಗೆ ಸುಮಾರು 65 ಕಂಪನಗಳದು. ಅದನ್ನು ನಿಲ್ಲಿಸಿ ಹಿಡಿಯಲು ಎದೆ ತುಂಬ ಗಾಳಿ ಬೇಕು. ಹೊಸಬರು ನಡುವಿನ ಅಳತೆಯಿಂದ ಆರಂಭಿಸಿ, ಎರಡು ಅಥವಾ ಎರಡೂವರೆ ನಂಬರಿನ ರೀಡ್ ಇಟ್ಟುಕೊಳ್ಳುವುದು ಕ್ಷೇಮ. ಬಿಡುವು ಹೆಚ್ಚಿದಂತೆ ರೀಡ್ ಮೆತ್ತಗಾಗಬೇಕು, ತಗ್ಗಿದಂತೆ ಗಟ್ಟಿಯಾಗಬೇಕು. ಆದ್ದರಿಂದ ಒಂದೇ ರೀಡಿನಲ್ಲಿ ಹತ್ತು ಮೌತ್‌ಪೀಸು ಪರೀಕ್ಷಿಸುವುದು ನ್ಯಾಯವಾದ ವಿಚಾರಣೆಯಲ್ಲ. ಮೂರು ಬಗೆಯ ರೀಡುಗಳಾದರೂ ಜೇಬಿನಲ್ಲಿರಬೇಕು.

ಆಲ್ಟೊದಿಂದ ಬಂದವರಿಗೆ ಇನ್ನೊಂದು ಅಪಾಯವಿದೆ. ಆಲ್ಟೊದ ಬಿಗಿ ತುಟಿಯಲ್ಲೇ ಬ್ಯಾರಿಟೋನನ್ನು ಕಚ್ಚಿದರೆ ಮೇಲಿನ ಸ್ವರಗಳು ಏರುತ್ತವೆ, ಕೆಳಗಿನವು ಹುಟ್ಟುವುದೇ ಇಲ್ಲ. ಆಗ ಅವರು ಆ ಬಿಗಿಗೆ ಒಪ್ಪುವಂಥ ಮೌತ್‌ಪೀಸನ್ನು ಹುಡುಕುತ್ತ ಹೋಗುತ್ತಾರೆ. ದುಡ್ಡು ಕೊಟ್ಟು ದೋಷವನ್ನು ಖಾಯಂ ಮಾಡಿಕೊಳ್ಳುತ್ತಾರೆ. ಇದಕ್ಕೆ ಸುಲಭವಾದ ಪರೀಕ್ಷೆಯೊಂದಿದೆ. ವಾದ್ಯದಿಂದ ಬಿಡಿಸಿದ ಬರಿಯ ಮೌತ್‌ಪೀಸಿಗೆ ರೀಡ್ ಕಟ್ಟಿ ಊದಿದಾಗ ಆಲ್ಟೊದಲ್ಲಿ ಎ ಸ್ವರವೂ ಬ್ಯಾರಿಟೋನಿನಲ್ಲಿ ಅದಕ್ಕಿಂತ ಕೆಳಗಿನ ಡಿ ಸ್ವರವೂ ಬರಬೇಕೆಂದು ಶಿಕ್ಷಕರು ಹೇಳುತ್ತಾರೆ. ಡಿಗಿಂತ ಬಹಳ ಮೇಲೆ ನುಡಿದರೆ ತುಟಿ ಇನ್ನೂ ಆಲ್ಟೊದಲ್ಲೇ ಇದೆ ಎಂದರ್ಥ. ಅದು ಸಡಿಲವಾಗುವವರೆಗೆ ಖರೀದಿಯನ್ನು ಮುಂದೂಡಬೇಕು.

ಲೋಹವೋ ಎಬೊನೈಟೋ ಎಂಬ ವಾದ ಎಷ್ಟು ಹಳೆಯದೋ ಅಷ್ಟು ಅನಗತ್ಯ. ನಾದವನ್ನು ರೂಪಿಸುವುದು ಒಳಗಿನ ಆಕಾರ. ಲೋಹದ್ದನ್ನು ಹೊರಗಿನಿಂದ ತೆಳ್ಳಗೆ ಮಾಡಬಹುದಾದ್ದರಿಂದ ಬಾಯಿ ಅಷ್ಟು ಅಗಲ ತೆರೆಯಬೇಕಾಗಿಲ್ಲ. ಬ್ಯಾರಿಟೋನಿನ ದಪ್ಪ ಮೌತ್‌ಪೀಸು ಹಿಡಿದು ಎರಡು ಗಂಟೆ ಊದುವವರಿಗೆ ಇದು ಸಣ್ಣ ವಿಷಯವಲ್ಲ.

ಪರೀಕ್ಷಿಸುವಾಗ ವೇಗದ ಸರಳೆಗಳನ್ನು ಬದಿಗಿಡಬೇಕು. ಎಲ್ಲಕ್ಕಿಂತ ಕೆಳಗಿನ ಬಿ-ಫ್ಲ್ಯಾಟನ್ನು ಅತಿ ಮೆಲ್ಲನೆ ಆರಂಭಿಸಬೇಕು. ತಡವರಿಸದೆ ಹುಟ್ಟಿದರೆ ಅರ್ಧ ಪರೀಕ್ಷೆ ಮುಗಿಯಿತು. ಬಳಿಕ ಪ್ರತಿ ಸ್ವರವನ್ನೂ ಅದರ ಮೇಲುಸ್ಥಾಯಿಯ ಜೊತೆ ಟ್ಯೂನರಿನಲ್ಲಿ ನೋಡಬೇಕು. ಕೊನೆಗೆ, ಊದುವವನ ಕಿವಿಗೆ ಕೇಳುವುದೇ ಸಭೆಗೂ ಕೇಳುತ್ತದೆಂದು ತಿಳಿಯದೆ, ಮತ್ತೊಬ್ಬರನ್ನು ಕೋಣೆಯ ಆಚೆ ತುದಿಯಲ್ಲಿ ನಿಲ್ಲಿಸಬೇಕು. ವಾದಕನಿಗೆ ಮಂಕಾಗಿ ಕೇಳಿದ್ದು ದೂರದಲ್ಲಿ ತುಂಬಿ ಕೇಳುವುದುಂಟು.

ಹಳೆಯದನ್ನು ಕೊಳ್ಳುವವರು ತುದಿಯ ಅಂಚಿನಲ್ಲಿ ಹಲ್ಲು ತಗಲಿದ ಕಚ್ಚುಗಳಿವೆಯೇ ಎಂದು ಬೆಳಕಿಗೆ ಹಿಡಿದು ನೋಡಬೇಕು. ರೀಡ್ ಕಟ್ಟಿ, ಹಿಂದಿನ ತೂತನ್ನು ಅಂಗೈಯಿಂದ ಮುಚ್ಚಿ ಗಾಳಿಯನ್ನು ಹೀರಿದಾಗ ರೀಡ್ ಕ್ಷಣಕಾಲ ಅಂಟಿಕೊಂಡು ‘ಟಪ್’ ಎಂದು ಬಿಟ್ಟರೆ ತಟ್ಟು ಸರಿಯಾಗಿದೆ. ಎಬೊನೈಟ್ ಹಸಿರುಗಂದಾಗಿ ಗಂಧಕದ ವಾಸನೆ ಬರುತ್ತಿದ್ದರೆ ಅದು ಬಿಸಿಲನ್ನೋ ಬಿಸಿನೀರನ್ನೋ ಕಂಡದ್ದು.

ಖರೀದಿಯಲ್ಲಿ ಹೆಸರಿನ ಮೋಹಕ್ಕೆ ಕಾನೂನಿನಲ್ಲೂ ಒಂದು ಬೆಲೆಯಿದೆ. ಕೊಳ್ಳುವವನು ತನ್ನ ನಿರ್ದಿಷ್ಟ ಉದ್ದೇಶವನ್ನು ತಿಳಿಸಿ, ಆ ಸರಕಿನ ವ್ಯಾಪಾರಿಯಾದ ಮಾರುವವನ ತಿಳಿವಳಿಕೆಯನ್ನು ನಂಬಿ ಕೊಂಡರೆ, ಸರಕು ಆ ಉದ್ದೇಶಕ್ಕೆ ಒದಗಬೇಕೆಂಬ ಷರತ್ತನ್ನು 1930ರ ಸರಕು ಮಾರಾಟ ಕಾಯಿದೆಯ 16ನೆಯ ಕಲಂ ತಾನಾಗಿಯೇ ಓದಿಕೊಳ್ಳುತ್ತದೆ. ಆದರೆ ವಸ್ತುವನ್ನು ಅದರ ವ್ಯಾಪಾರನಾಮದಿಂದಲೇ ಕೇಳಿ ಕೊಂಡಲ್ಲಿ ಆ ರಕ್ಷಣೆ ಇಲ್ಲ. ಇಂಗ್ಲೆಂಡಿನ ಇಂಥದೇ ಕಾಯಿದೆಯ ಕೆಳಗೆ ತೀರ್ಮಾನವಾದ ಬಾಲ್ಡ್ರಿ-ಮಾರ್ಷಲ್ ಮೊಕದ್ದಮೆಯಲ್ಲಿ, ಪ್ರವಾಸಕ್ಕೆ ಹಿತವಾದ ಕಾರು ಬೇಕೆಂದವನಿಗೆ ವ್ಯಾಪಾರಿ ಬುಗಾಟಿ ಕಾರನ್ನು ಸೂಚಿಸಿದ್ದ. ಹೆಸರಿದ್ದರೂ ಆರಿಸಿಕೊಟ್ಟದ್ದು ವ್ಯಾಪಾರಿಯಾದ್ದರಿಂದ ಅವನು ಹೊಣೆಯಿಂದ ಪಾರಾಗಲಿಲ್ಲ. ಹಾಗಾಗಿ ಇಂಥ ಕಂಪನಿಯದು ಕೊಡಿ ಎನ್ನುವ ಬದಲು, ಇಂಥ ವಾದ್ಯಕ್ಕೆ, ಇಂಥ ವೃಂದದಲ್ಲಿ ನುಡಿಸಲು ಬೇಕು ಎಂದು ಬರೆದು ಕೇಳುವುದು ವಿವೇಕ. ಒಪ್ಪಿಗೆಯಾದರೆ ಇಟ್ಟುಕೊಳ್ಳುವ ಕರಾರಿನ ಮೇಲೆ ತಂದಿದ್ದರೆ 24ನೆಯ ಕಲಮನ್ನೂ ನೆನಪಿಡಬೇಕು: ಗೊತ್ತುಪಡಿಸಿದ ಅವಧಿ ಮೀರಿಯೂ ಬೇಡವೆಂದು ತಿಳಿಸದೆ ಇಟ್ಟುಕೊಂಡರೆ ವಸ್ತು ಕೊಂಡಂತೆಯೇ ಆಗುತ್ತದೆ. ಹತ್ತು ದಿನದ ಕರಾರಾದರೆ ಒಂಬತ್ತನೆಯ ದಿನ ಪತ್ರ ಹೋಗಬೇಕು, ಅದರ ಪ್ರತಿ ಮನೆಯಲ್ಲಿರಬೇಕು. ಮೌತ್‌ಪೀಸಿನ ಮೇಲೆ ಹಲ್ಲಿನ ಗುರುತು ಬೀಳದಂತೆ ತೆಳುವಾದ ರಬ್ಬರಿನ ಪಟ್ಟಿಯನ್ನು ಮೊದಲ ದಿನವೇ ಅಂಟಿಸಿರಬೇಕು.